ಹೊಳೆಗೆ ಬಿಟ್ಟ ಸೀರೆ

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಬಟ್ಟಲಿಗೆ ಬೀಳಬೇಕು. ಮನಸ್ಸು ಬೇರೆ ಕಡೆ ಹೋದರೆ ಗೋಡೆಗೆ ಹೋಗಿ ಹೊಡೆಯುತ್ತದೆ. ಯಜಮಾನರು ಅಂಗಡಿಗೆ ಹೋಗಿದ್ದರು. ಹಿತ್ತಲ ಬಾಗಿಲಿನಿಂದ ಬಿಸಿಲು ಬಂದು ಬೆನ್ನಿಗೆ ಬಿದ್ದಿತ್ತು. ಮಾಗಿಯ ಚಳಿಯಲ್ಲಿ ಅಷ್ಟು ಬಿಸಿಲು ಸಿಕ್ಕಿದ್ದೂ ದೇವರು ಕೊಟ್ಟದ್ದೇ ಅಂದುಕೊಳ್ಳುತ್ತಿರುವಾಗ ಮಗಳ ಫೋನು ಬಂತು.

ಅವಳು ಫೋನು ಮಾಡುವುದು ಸಾಯಂಕಾಲ, ದೀಪ ಹಚ್ಚಿದ ಮೇಲೆ. ಹೊತ್ತಲ್ಲದ ಹೊತ್ತಿನಲ್ಲಿ ಅವಳ ಹೆಸರು ಕಂಡರೆ ನನಗೆ ಫೋನು ಎತ್ತಲು ಭಯ. ಮದುವೆಯಾಗಿ ನರಸೀಪುರಕ್ಕೆ ಹೋದ ಮೇಲೆ ಎರಡು ಸಲ ಬಸುರಾಗಿ ಎರಡೂ ಸಲ ನಿಲ್ಲಲಿಲ್ಲ. ಎರಡು ಸಲವೂ ಸುದ್ದಿ ಬಂದದ್ದು ಹೀಗೆ ಬೆಳಗಿನ ಹೊತ್ತು. ಈಗ ಮೂರನೆಯದು, ಐದು ತಿಂಗಳು ತುಂಬಿತ್ತು. ಹಿಂದಿನ ಎರಡೂ ಇಷ್ಟು ದೂರ ಬಂದಿರಲಿಲ್ಲ.

"ಗಾಬರಿ ಆಗ್ಬೇಡ ಅಮ್ಮ, ನಾನು ಚೆನ್ನಾಗಿದ್ದೀನಿ" ಅಂತಲೇ ಮಾತು ಶುರು ಮಾಡಿದಳು. ಅವಳಿಗೆ ನನ್ನ ಗುಣ ಗೊತ್ತು. ವಿಷಯ ಏನೆಂದರೆ ಬೆಂಗಳೂರಿನ ಒಂದು ದೊಡ್ಡ ಗ್ಯಾಲರಿಯಲ್ಲಿ ಐದು ಜನ ಹೊಸ ಕಲಾವಿದರ ಪ್ರದರ್ಶನ, ಅದರಲ್ಲಿ ಇವಳದೂ ಒಂದು. ಮುಂದಿನ ಶನಿವಾರ ಸಾಯಂಕಾಲ ಓಪನಿಂಗು. ಇವಳು ಎರಡು ದಿನ ಮೊದಲೇ ಹೋಗಿ ಸ್ನೇಹಿತೆಯ ಮನೆಯಲ್ಲಿ ಉಳಿಯುತ್ತಾಳೆ. ನಾನೂ ಬರಬೇಕು, ಅವಳ ಅತ್ತೆಯೂ ಬರುತ್ತಾರೆ.

ಮೈಸೂರಿನಲ್ಲಿ ಚಿತ್ರ ಬರೆಯುವುದನ್ನು ಓದಿದವಳು ಅವಳು. ಮದುವೆಯಾದ ಮೇಲೂ ಬಿಡಲಿಲ್ಲ. ಬೀಗರ ಮನೆಯ ಹಿಂದೆ ದನ ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯನ್ನು ಗುಡಿಸಿ ಸಾರಿಸಿ ಅಲ್ಲಿ ಏನೋ ಮಾಡುತ್ತಿರುತ್ತಾಳೆ ಅಂತ ಗೊತ್ತಿತ್ತು. ಹೂವು, ಬಳ್ಳಿ, ಬಸವಣ್ಣನ ಮುಖ, ಅಂಥದ್ದಿರಬಹುದು ಅಂದುಕೊಂಡು ಏನು ಬರೆದಿದ್ದೀಯಮ್ಮ ಅಂತ ಕೇಳಿದೆ.

"ಬರ್ದಿಲ್ಲ. ಹೊಲ್ದಿದ್ದೀನಿ. ಬಟ್ಟೆ."

ಯಾವ ಬಟ್ಟೆ ಅಂದೆ.

"ನಮ್ಮ ಹೊಳೇದು ಅಮ್ಮ. ಸ್ನಾನಘಟ್ಟದಲ್ಲಿ ಬಿಟ್ಟು ಹೋಗ್ತಾರಲ್ಲ, ಅದು" ಅಂದಳು. ನಾನು ಉಸಿರೆತ್ತುವ ಮೊದಲೇ ಇನ್ನೊಂದು ಮಾತು ಸೇರಿಸಿದಳು. "ಅತ್ತೆ ಹತ್ರ ಇದರ ಮಾತು ಎತ್ತಬೇಡ, ಆಯ್ತಾ?"

ಫೋನು ಇಟ್ಟ ಮೇಲೆ ನಾನು ಹಿತುಕಿದ ಬೇಳೆಯಲ್ಲಿ ಅರ್ಧ ನೆಲದ ಮೇಲಿತ್ತು.

ನಂಜನಗೂಡಿಗೆ ಬಂದು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರದೇ ಇರುವವರಿಗಾಗಿ ಹೇಳುತ್ತೇನೆ. ನಮ್ಮ ನಂಜುಂಡಪ್ಪ ವೈದ್ಯರ ವೈದ್ಯ. ರೋಗ ರುಜಿನ, ಕೆಟ್ಟ ಗ್ರಹ, ಮನೆಯ ಸಂಕಟ ಏನೇ ಇರಲಿ, ಜನ ಸೋಮವಾರ, ಹುಣ್ಣಿಮೆ ನೋಡಿಕೊಂಡು ಬಂದು ಕಪಿಲೆಯಲ್ಲಿ ಮುಳುಗುತ್ತಾರೆ. ಮುಳುಗಿ ಎದ್ದವರು ಮೈಮೇಲಿನ ಹಳೆಯ ಬಟ್ಟೆಯನ್ನು ಹೊಳೆಗೆ ಬಿಟ್ಟು, ಒಣ ಬಟ್ಟೆ ಉಟ್ಟು, ದೇವಸ್ಥಾನದ ಕಡೆ ನಡೆಯುತ್ತಾರೆ. ಮೈಗೆ ಅಂಟಿದ್ದು ಬಟ್ಟೆಯ ಜೊತೆ ಹೋಯಿತು ಅಂತ ಅರ್ಥ. ಬಿಟ್ಟ ಮೇಲೆ ತಿರುಗಿ ನೋಡಬಾರದು. ಇನ್ನೊಬ್ಬರು ಬಿಟ್ಟದ್ದನ್ನು ಮುಟ್ಟಬಾರದು. ಮುಟ್ಟಿದರೆ ಅವರದು ನಮ್ಮದಾಗುತ್ತದೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನೀರಿಗೆ ಇಳಿದಾಗ ಕಾಲಿಗೆ ತೊಡರಿದ ಸೀರೆಯನ್ನು ನಮ್ಮಮ್ಮ ಕಡ್ಡಿಯಲ್ಲಿ ದೂಡುತ್ತಿದ್ದದ್ದನ್ನು ನೋಡಿ ಕಲಿತದ್ದು.

ಅಂಥ ಬಟ್ಟೆಯನ್ನು ಐದು ತಿಂಗಳ ಬಸುರಿ, ಎರಡು ಕಳೆದುಕೊಂಡವಳು, ತೊಡೆಯ ಮೇಲೆ ಹರಡಿಕೊಂಡು ಹೊಲಿದಿದ್ದಾಳೆ. ಯಾರ ಜ್ವರ, ಯಾರ ಕಣ್ಣೀರು, ಯಾರ ಮನೆಯ ಸಾವು. ಅದನ್ನೆಲ್ಲ ಸೂಜಿದಾರ ಹಾಕಿ ಒಂದಕ್ಕೊಂದು ಸೇರಿಸಿದ್ದಾಳೆ. ಘಟ್ಟದಲ್ಲಿ ಬಟ್ಟೆ ಆಯುವ ಹೆಂಗಸರಿಂದ ಈಸಿಕೊಂಡು ಹೋಗುತ್ತಿದ್ದಳು ಅಂತ ಆಮೇಲೆ ತಿಳಿಯಿತು. ತೌರುಮನೆ ಹೊಳೆಯಿಂದ ಕೂಗಳತೆಯಲ್ಲಿದ್ದರೂ, ಎಷ್ಟೋ ಸಲ ನನಗೆ ಮುಖ ತೋರಿಸದೆ ಮೂಟೆ ಕಟ್ಟಿಕೊಂಡು ಹೋಗಿದ್ದಾಳೆ. ಬಂದಿದ್ದರೆ ಮೂಟೆಯಲ್ಲೇನು ಅಂತ ಕೇಳುತ್ತಿದ್ದೆನಲ್ಲ, ಅದಕ್ಕೆ.

ಇನ್ನೊಂದು ಭಯ ಬೀಗಿತ್ತಿಯದು. ಅವರು ನನಗಿಂತ ಹಿರಿಯರು, ಗದ್ದೆ ಕಬ್ಬು ನೋಡಿಕೊಂಡು ಬಂದವರು. ಬದುವಿನ ಮೇಲೆ ನಿಂತು ನಾಟಿ ಮಾಡಿಸಿದ ಗಂಟಲು. ಎರಡು ಸಲ ಬಸುರು ಹೋದಾಗಲೂ ನನ್ನ ಮಗಳಿಗಾಗಲಿ ನನಗಾಗಲಿ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನನಗೆ ಒಂಥರಾ ಧೈರ್ಯವಾಗುತ್ತಿತ್ತು. ಹೆಣ್ಣು ಕೊಟ್ಟವರ ಲೆಕ್ಕವೇ ಹಾಗೆ: ಬೀಗರು ಬೈದರೆ ಮುಗಿಯಿತು, ಬೈಯದೆ ಇದ್ದರೆ ಎಂದು ಬೈಯುತ್ತಾರೋ ಅಂತ ಕಾಯುತ್ತಲೇ ಇರಬೇಕು. ಈ ಬಟ್ಟೆ ಎಲ್ಲಿಯದು ಅಂತ ಅವರಿಗೆ ಗೊತ್ತಾಗಿಬಿಟ್ಟರೆ? ಗೊತ್ತಾದ ಮೇಲೆ, ಆಗಬಾರದ್ದು ಏನಾದರೂ ಆದರೆ? ಆಗ ಅವರು ಏನೂ ಅನ್ನದೆ ಇರಲಾರರು.

ಯಜಮಾನರಿಗೆ ಹೇಳಿದೆ. ಅವರು ಅನ್ನ ಕಲಸುತ್ತಾ, ಓದಿದ ಹುಡುಗಿ, ಅವಳಿಗೆ ಗೊತ್ತಿರುತ್ತೆ ಬಿಡು ಅಂದರು. ಗಂಡಸರಿಗೆ ಹೊಳೆ ಬಟ್ಟೆಯ ಸಂಗತಿ ಏನು ಗೊತ್ತು, ನೀರಿಗೆ ಇಳಿದು ಮೂಗು ಹಿಡಿದು ಮುಳುಗಿ ಎದ್ದು ಬರುತ್ತಾರೆ ಅಷ್ಟೆ.

ಆ ವಾರ ಪೂರ್ತಿ ಪೂಜೆಗೆ ಕೂತಾಗ ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ಐದು ನಿಮಿಷಕ್ಕೊಂದು ಸಲ ಗೋಡೆಗೆ ಬಟ್ಟೆ ತೂಗುಹಾಕಲು ಮಗಳು ಏಣಿ ಹತ್ತಿದಂತೆ, ಕಾಲು ಜಾರಿದಂತೆ ಕಾಣುತ್ತಿತ್ತು. ಅವಳು ಬೆಂಗಳೂರಿಗೆ ಹೋದ ಮೇಲೆ ಫೋನು ಮಾಡಿ ಏಣಿ ಹತ್ತಬೇಡ ಅಂದೆ. ಹತ್ತಲ್ಲ, ಹತ್ತೋಕೆ ಜನ ಇದ್ದಾರೆ ಅಂದಳು. ಊಟ ಆಯಿತಾ ಅಂದೆ. ಆಯಿತು ಅಂದಳು. ಮಗು ಅಲುಗಾಡಿತಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಕೇಳಿದರೆ ಕಣ್ಣು ತಗುಲೀತು ಅನ್ನುವ ಹೆದರಿಕೆ.

ಶನಿವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ವಿಭೂತಿ, ಬಿಲ್ವಪತ್ರೆ ಪ್ರಸಾದ ಕಟ್ಟಿಸಿಕೊಂಡು, ಮಗಳಿಗೆ ಇಷ್ಟ ಅಂತ ಗೊಜ್ಜವಲಕ್ಕಿ ಡಬ್ಬಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ. ಜನ ತುಂಬಿದ್ದರೂ ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಅಷ್ಟರಮಟ್ಟಿಗೆ ಆ ದಿನ ಒಳ್ಳೆಯದಾಗೇ ಶುರುವಾಯಿತು ಅಂದುಕೊಂಡೆ. ಅಲ್ಲಿಂದ ಬೀಗಿತ್ತಿ, ಅಳಿಯಂದಿರು, ನಾನು ಬಾಡಿಗೆ ಕಾರಿನಲ್ಲಿ ಹೊರಟೆವು. ಅಳಿಯಂದಿರು ಮುಂದೆ, ನಾವಿಬ್ಬರು ಹಿಂದೆ.

ಊರು ದಾಟುವವರೆಗೆ ಬೀಗಿತ್ತಿ ಕಬ್ಬಿನ ಕಟಾವಿನ ವಿಷಯ ಮಾತಾಡಿದರು. ಆಮೇಲೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಕಿಟಕಿಯ ಕಡೆ ನೋಡುತ್ತಲೇ ಕೇಳಿದರು.

"ಏನೋ ಬಟ್ಟೆ ಕೆಲ್ಸವಂತೆ. ನಿಮಗೇನಾರ ಹೇಳವಳಾ ತಂಗಿ?"

"ಏನೋ ಹಳೇ ಬಟ್ಟೆಯಂತೆ ಅಕ್ಕ. ನನಗೂ ಸರಿಯಾಗಿ ಹೇಳ್ಲಿಲ್ಲ."

"ಊಂ. ಹಳೇ ಬಟ್ಟೆ" ಅಂದರು ಬೀಗಿತ್ತಿ.

ಮುಂದೆ ಕೂತ ಅಳಿಯಂದಿರು ರೇಡಿಯೋದ ಸದ್ದು ಜಾಸ್ತಿ ಮಾಡಿದರು. ಇವರಿಗೆ ಅನುಮಾನ ಬಂದಿದೆ, ನನ್ನ ಬಾಯಿ ಬಿಡಿಸುತ್ತಿದ್ದಾರೆ ಅನ್ನಿಸಿತು. ದಾರಿಯುದ್ದಕ್ಕೂ ಅವರು ಬಾಯಿ ತೆರೆದರೆ ಸಾಕು, ನಾನು ಮೊದಲೇ ಏನಾದರೂ ಶುರು ಮಾಡುತ್ತಿದ್ದೆ. ನಮ್ಮ ಬೀದಿಯ ನಲ್ಲಿ, ಹುರುಳಿಯ ಕಟ್ಟು, ನನ್ನ ಮಂಡಿನೋವು. ಮಂಡಿನೋವಿಗೆ ಅವರು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಲು ಹೇಳಿದರು. ಆ ಮಾತು ಮಳವಳ್ಳಿಯವರೆಗೂ ಬಂತು, ಪುಣ್ಯಕ್ಕೆ.

ಗ್ಯಾಲರಿ ಅಂದರೆ ನಾನು ದೊಡ್ಡ ಸಭಾಂಗಣ ಇರುತ್ತದೆ ಅಂದುಕೊಂಡಿದ್ದೆ. ಅದೊಂದು ಹಳೆಯ ಬಂಗಲೆ. ಒಳಗೆ ಮಾತ್ರ ಗೋಡೆಯೆಲ್ಲ ಬೆಳ್ಳಗೆ, ಸುಣ್ಣ ಹೊಡೆದು ಇನ್ನೂ ಸಾಮಾನು ಇಳಿಸದ ಮನೆಯ ಹಾಗೆ. ಕೂರಲು ಬಾಗಿಲ ಹತ್ತಿರ ಒಂದು ಬೆಂಚು. ಜನ ನಿಂತೇ ಇದ್ದರು, ನಿಂತೇ ಮಾತಾಡುತ್ತಿದ್ದರು. ಗೋಡೆಯ ಕಡೆ ನೋಡುವುದಕ್ಕಿಂತ ಬಾಗಿಲಿನ ಕಡೆ, ಯಾರು ಬಂದರು ಅಂತ, ಹೆಚ್ಚು ನೋಡುತ್ತಿದ್ದರು. ಹೆಂಗಸರು ಒಳ್ಳೊಳ್ಳೆಯ ಕೈಮಗ್ಗದ ಸೀರೆ ಉಟ್ಟಿದ್ದರು, ಹಣೆಯಲ್ಲಿ ಮಾತ್ರ ಏನೂ ಇಲ್ಲ. ಕೆಲವರ ಕೈಯ ಲೋಟದಲ್ಲಿದ್ದದ್ದು ದ್ರಾಕ್ಷಿ ರಸವಲ್ಲ ಅಂತ ವಾಸನೆಯಿಂದಲೇ ತಿಳಿಯಿತು. ನಮಗೆ ತಂದದ್ದನ್ನು ಅಳಿಯಂದಿರು ಮೊದಲು ಒಂದು ಗುಟುಕು ಕುಡಿದು ನೋಡಿ, ಪರವಾಗಿಲ್ಲ, ಜ್ಯೂಸೇ ಅಂತ ಕೈಗೆ ಕೊಟ್ಟರು. ಅಂಥ ಅಳಿಯ ಸಿಕ್ಕಿದ್ದೂ ನಂಜುಂಡಪ್ಪನ ದಯೆ.

ಮಗಳು ಓಡಿ ಬಂದಳು. ಓಡಬೇಡವೇ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಬೀಗಿತ್ತಿಯೇ, "ಮೆಲ್ಲಗೆ ಕಣವ್ವಾ, ಏನು ಟ್ರೈನು ತಪ್ಪೋಯ್ತದಾ" ಅಂದರು. ಮಗಳ ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಅವಳ ಹಣೆಗೆ ವಿಭೂತಿ ಇಟ್ಟೆ. ಸುತ್ತ ಇದ್ದವರು ನೋಡಿದರು, ನೋಡಲಿ. ದೀಪ ಹಚ್ಚುವುದು ಎಷ್ಟು ಹೊತ್ತಿಗೆ ಅಂತ ಕೇಳಿದರೆ, ಇಲ್ಲಿ ದೀಪ ಹಚ್ಚುವ ಪದ್ಧತಿ ಇಲ್ಲ ಅಂದಳು. ದೀಪವಿಲ್ಲದೆ, ದೇವರ ಹೆಸರಿಲ್ಲದೆ ಒಂದು ಕೆಲಸ ಶುರುವಾಗುವುದು ಹೇಗೆ? ಒಂದು ಮೂಲೆಗೆ ಮುಖ ಮಾಡಿ ನಾನೇ ಮನಸ್ಸಿನಲ್ಲಿ ಪಂಚಾಕ್ಷರಿ ಹೇಳಿಕೊಂಡೆ.

ಪ್ರದರ್ಶನ ನಡೆಸುವಾಕೆ ನನ್ನ ವಯಸ್ಸಿನ ಹೆಂಗಸು, ನರೆತ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಿದ್ದರು. ಎಲ್ಲರನ್ನೂ ಸುಮ್ಮನಾಗಿಸಿ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಬಿಡಿ ಮಾತು ಮಾತ್ರ ತಿಳಿಯುತ್ತದೆ. ನಡುವೆ 'ನಂಜನಗೂಡು' ಅಂದದ್ದು ಕೇಳಿಸಿತು. ಆಮೇಲೆ 'ರಿವರ್' ಅಂದರು. ಬೀಗಿತ್ತಿಗೂ ಅಷ್ಟು ಇಂಗ್ಲಿಷು ತಿಳಿಯುತ್ತದೆ. ನಾನು ಅವರ ಕಡೆ ತಿರುಗಿ, ಗೊಜ್ಜವಲಕ್ಕಿ ತಂದಿದ್ದೀನಿ ಅಕ್ಕ, ಸ್ವಲ್ಪ ತಗೊಳ್ತೀರಾ ಅಂತ ಕೇಳಿದೆ, ಆ ಗಂಭೀರ ಸಭೆಯ ನಡುವೆ. ಅವರೂ, "ಕೊಡಿ ಮತ್ತೆ" ಅಂದುಬಿಟ್ಟರು. ಇಬ್ಬರೂ ಬೆಂಚಿನ ಮೇಲೆ ಕೂತು ಡಬ್ಬಿ ತೆಗೆದೆವು.

ಮಗಳ ಕೆಲಸ ಇರುವುದು ಹಿಂದಿನ ಕೋಣೆಯಲ್ಲಿ ಅಂತ ಅಳಿಯಂದಿರು ಹೇಳಿದ್ದರು. ಬೀಗಿತ್ತಿಯನ್ನು ಆ ಕೋಣೆಗೆ ಹೋಗಲು ಬಿಡದೆ ಹೇಗಾದರೂ ಈ ಸಾಯಂಕಾಲ ಕಳೆದುಬಿಡಬೇಕು. ನಾನು ಹಾಕಿಕೊಂಡಿದ್ದ ಉಪಾಯ ಅಷ್ಟೇ. ಹಿಂದಿನ ಕೋಣೆಯಲ್ಲಿ ತುಂಬಾ ಜನ, ಆಮೇಲೆ ಹೋಗೋಣ ಅಂದೆ. ಆಗಲಿ ಅಂದರು. ಆ ಕಡೆ ಏಸಿ ಜೋರು, ಶೀತ ಆಗುತ್ತೆ ಅಂದೆ. ಅದೂ ಸರಿ ಅಂದರು. ನಾನು ಹೇಳಿದ್ದಕ್ಕೆಲ್ಲ ಅವರು ಇಷ್ಟು ಸುಲಭವಾಗಿ ಒಪ್ಪಿದ್ದು ಅದೇ ಮೊದಲು. ಒಂದು ಸಲ ನಾನೇ ಮರೆತು ಎದ್ದು ಆ ಬಾಗಿಲ ಕಡೆ ನೋಡಿದರೆ, ಕೈ ಹಿಡಿದು ಎಳೆದು ಕೂರಿಸಿದರು.

"ಕುಂತ್ಕಳಿ ತಂಗಿ. ಮಂಡಿನೋವು ಅಂತೀರ. ಇಲ್ಲಿರಾದ್ನೇ ನೋಡನ."

ಇಲ್ಲಿದ್ದದ್ದೆಂದರೆ, ಒಂದು ಕಡೆ ತುಕ್ಕು ಹಿಡಿದ ಬೀಗಗಳ ರಾಶಿ. ಇನ್ನೊಂದು ಕಡೆ ಗೋಡೆಗೆ ಟಿವಿ, ಅದರೊಳಗೆ ಒಬ್ಬ ಮನುಷ್ಯ ಕೆಸರುಗದ್ದೆಯಲ್ಲಿ ಸುಮ್ಮನೆ ನಿಂತಿದ್ದಾನೆ. ನಾವು ಗೊಜ್ಜವಲಕ್ಕಿ ಮುಗಿಸುವವರೆಗೂ ಅವನು ಅಲುಗಾಡಲಿಲ್ಲ. ಬೀಗಿತ್ತಿ ಅವನನ್ನೇ ದಿಟ್ಟಿಸಿ, "ಪೈರು ತರಾಕೆ ಹೋದೋರು ಇನ್ನೂ ಬಂದಿಲ್ಲ ಅಂತ ಕಾಯ್ತಾವ್ನೆ ಪಾಪ" ಅಂದರು. ನಗು ಬಂತು. ವಾರದ ಮೇಲೆ ಮೊದಲ ಸಲ ನಕ್ಕೆ. ನಗುತ್ತಿರುವಾಗಲೇ ಮಗಳು ಬಂದು, ಇಬ್ಬರೂ ಇಲ್ಲೇ ಕೂತಿದ್ದೀರಲ್ಲ, ನನ್ನದನ್ನ ನೋಡಲ್ವಾ ಅಂದಳು. ಬೀಗಿತ್ತಿಯನ್ನು ಅಳಿಯಂದಿರು ಯಾರಿಗೋ ಪರಿಚಯ ಮಾಡಿಸಲು ಕರೆದರು. ನಾನೊಬ್ಬಳೇ ಮಗಳ ಹಿಂದೆ ಹೋದೆ. ನಾನಾದರೂ ಮೊದಲು ನೋಡಿ ಬರುತ್ತೇನಲ್ಲ ಅಂತ ಸಮಾಧಾನ.

ಕೋಣೆಯ ಸೂರಿನಿಂದ ನೆಲದವರೆಗೆ ಬಟ್ಟೆ ಇಳಿಬಿದ್ದಿತ್ತು. ಒಂದು ಸಾಲಲ್ಲ, ಹತ್ತಾರು ಸಾಲು, ನಡುವೆ ಒಬ್ಬರು ನಡೆದು ಹೋಗುವಷ್ಟು ದಾರಿ. ಪಂಚೆ, ಟವೆಲು, ಲಂಗ, ರವಿಕೆ, ಶಾಲೆಯ ಮಕ್ಕಳ ಅಂಗಿ, ಸೀರೆ, ಸೀರೆ, ಸೀರೆ. ಒಂದರ ಅಂಚಿಗೆ ಇನ್ನೊಂದರ ಅಂಚು ಸೇರಿಸಿ ಕೈಯಲ್ಲೇ ಹೊಲಿದದ್ದು. ಬಣ್ಣವೆಲ್ಲ ನೀರು ಕುಡಿದು ಮಾಸಿ, ಹಿಂದಿನ ಬೆಳಕಿನಲ್ಲಿ ನೂಲುನೂಲು ಕಾಣುತ್ತಿತ್ತು. ಯಾರಾದರೂ ನಡೆದರೆ ಆ ಗಾಳಿಗೆ ಇಡೀ ಬಟ್ಟೆ ಒಂದು ಸಲ ಅಲುಗಿ ನಿಲ್ಲುತ್ತಿತ್ತು. ನಾನು ಸೆರಗನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡು, ಎಲ್ಲೂ ತಾಗದ ಹಾಗೆ ನಡೆದೆ. ಚೆನ್ನಾಗಿದೆ ಅಂತ ಮನಸ್ಸಿಗೆ ಬಂದದ್ದು ನಿಜ. ಬಂದ ಕೂಡಲೇ ಹೆದರಿಕೆಯಾದದ್ದೂ ನಿಜ.

ಕೊನೆಯ ಸಾಲಿನಲ್ಲಿ ಒಂದು ಸೀರೆ ಮಾತ್ರ ಯಾವುದಕ್ಕೂ ಹೊಲಿಯದೆ ಬಿಡಿಯಾಗಿ ತೂಗುತ್ತಿತ್ತು. ಬದನೆ ಬಣ್ಣದ ನೂಲಿನ ಸೀರೆ. ಸೆರಗಿನ ತುದಿಗೆ ಹಸಿರು ರೇಷ್ಮೆ ದಾರದ ಕುಚ್ಚು. ಆ ಕುಚ್ಚು ಕಟ್ಟಿದ್ದು ನಾನು. ಅವಳ ಮೊದಲ ಗೌರಿಹಬ್ಬದ ಬಾಗಿನಕ್ಕೆ ಕೊಟ್ಟ ಸೀರೆ ಅದು. ಎರಡನೆಯ ಬಸುರು ಹೋದ ದಿನ ಅವಳ ಮೈಮೇಲಿದ್ದದ್ದೂ ಅದೇ. ಮೈಲಿಗೆ ಕಳೆದ ಮೇಲೆ ಅದನ್ನೇ ಉಡಿಸಿ, ನಾನೇ ಕೈಹಿಡಿದು ಕಪಿಲೆಗೆ ಇಳಿಸಿ, ಮುಳುಗಿಸಿ, ಸೀರೆಯನ್ನು ನೀರಿಗೆ ಬಿಡಿಸಿದ್ದೆ.

ಮಗಳನ್ನು ನೋಡಿದೆ. ಅವಳು ಹೂಂ ಅಂತ ತಲೆ ಆಡಿಸಿದಳು.

"ತಿರುಗಿ ನೋಡಬೇಡ ಅಂದಿದ್ನಲ್ಲೇ."

"ನೋಡಿದೆ ಅಮ್ಮ. ಅದೊಂದೇ ತೇಲಿಕೊಂಡು ಹೋಗ್ತಾ ಇತ್ತು. ಬಿಟ್ಟು ಬರಕ್ಕಾಗ್ಲಿಲ್ಲ."

ನಾನು ಮೆಟ್ಟಿಲ ಮೇಲೆ ಒಣ ಬಟ್ಟೆ ತೆಗೆದಿಡುತ್ತಿದ್ದಾಗ ಅವಳು ಸೊಂಟದವರೆಗೆ ನೀರಿಗೆ ಹೋಗಿ ಅದನ್ನು ಎಳೆದುಕೊಂಡು, ಹಿಂಡಿ, ಕವರಿಗೆ ಹಾಕಿ ಚೀಲದ ತಳದಲ್ಲಿ ಇಟ್ಟುಕೊಂಡಿದ್ದಳಂತೆ. ಅಂದಿನಿಂದ ಅದು ನರಸೀಪುರದ ಮನೆಯಲ್ಲೇ ಇತ್ತು. ಅವಳಿಂದ ಕಳೆದುಹೋಯಿತು ಅಂತ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ ರಾತ್ರಿಗಳಲ್ಲೆಲ್ಲ ಅದು ಅವಳ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ನೋಡಿ ಉಳಿದವರ ಬಟ್ಟೆಯ ಮೇಲೂ ಮನಸ್ಸು ಹೋಯಿತಂತೆ. ಎಲ್ಲರೂ ಹೀಗೇ ಏನನ್ನೋ ಬಿಟ್ಟು ಹೋಗಿದ್ದಾರಲ್ಲ, ಅದನ್ನು ಯಾರೂ ನೋಡುವುದೇ ಇಲ್ಲವಲ್ಲ ಅನ್ನಿಸಿತಂತೆ. ಕೂಡಲೇ ಆ ಸೀರೆಯನ್ನು ಕಿತ್ತು ತೆಗೆದುಕೊಂಡು ಹೋಗಿ ಎಲ್ಲಾದರೂ ಹರಿಯುವ ನೀರಿಗೆ ಹಾಕಿಬಿಡಬೇಕು ಅನ್ನಿಸಿತು. ಆದರೆ ಬೆಂಗಳೂರಿನಲ್ಲಿ ಹರಿಯುವ ನೀರು ಎಲ್ಲಿದೆ?

ಅಷ್ಟರಲ್ಲಿ ಬೀಗಿತ್ತಿಯ ದನಿ ಕೇಳಿಸಿತು. ಬಟ್ಟೆಯ ಸಾಲಿನ ನಡುವೆ ಬರುತ್ತಿದ್ದರು. ನಾನು ಸೆರಗು ಹರಡಿಕೊಂಡು ಕುಚ್ಚು ಕಾಣದ ಹಾಗೆ ಅಡ್ಡ ನಿಂತೆ. ಆ ಸೀರೆ ಅವರಿಗೂ ಗೊತ್ತು. ಬಾಗಿನ ಕೊಟ್ಟ ದಿನ ಕೈಯಲ್ಲಿ ಹಿಡಿದು ಕುಚ್ಚು ಚೆನ್ನಾಗಿದೆ ಅಂದವರು.

ಅವರು ಬಂದು ನನ್ನ ಮುಖ ನೋಡಿದರು. ನನ್ನ ಹಿಂದಿದ್ದ ಸೀರೆ ನೋಡಿದರು. ಮಗಳ ಕಡೆ ತಿರುಗಿ, "ಹೇಳ್ಬುಟ್ಟಾ?" ಅಂತ ಕೇಳಿದರು.

"ನಾನೇನೂ ಹೇಳಿಲ್ಲ ಅತ್ತೆ. ಅಮ್ಮನೇ ಗುರುತು ಹಿಡಿದ್ರು."

ಬೀಗಿತ್ತಿ ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹಾಕಿಕೊಂಡರು. ಹಾಗೆ ಅವರು ಮಾತಿಗೆ ತಡಕಾಡಿದ್ದನ್ನು ನಾನು ಕಂಡಿರಲಿಲ್ಲ.

"ನೋಡಿ ತಂಗಿ, ಬೈಯಂಗಿದ್ರೆ ನನ್ನ ಬೈಯ್ರಿ, ಅವಳ್ನ ಬ್ಯಾಡ. ಬಸುರಿ ಅಂತ ಗೊತ್ತಾದ ದಿನದಿಂದ ಇದ್ರಲ್ಲಿ ಒಂದು ಚೂರೂ ಅವಳು ಹಸೀದು ಮುಟ್ಟಿಲ್ಲ. ಹಂಡೇಲಿ ಹಾಕಿ, ಬೇವಿನಸೊಪ್ಪು ಹಾಕಿ ಕುದಿಸಿ, ನಾನೇ ಒಗ್ದು ಒಣಗ್ಸಿ ಕೊಟ್ಟಿವ್ನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇವರಿಗೆ ಮೊದಲಿನಿಂದ ಗೊತ್ತಿದೆ. ಇವರ ಮನೆಯ ಕೊಟ್ಟಿಗೆಯಲ್ಲಿ ನಡೆದ ಕೆಲಸ ಇವರಿಗೆ ಗೊತ್ತಿಲ್ಲದೆ ಇರುವುದು ಹೇಗೆ ಅಂತ ನನಗೇ ಹೊಳೆಯಬೇಕಿತ್ತು. ಹೆದರಿಕೆಯಲ್ಲಿ ಬುದ್ಧಿ ಓಡಿರಲಿಲ್ಲ. ಅತ್ತೆಯ ಹತ್ತಿರ ಮಾತೆತ್ತಬೇಡ ಅಂತ ಮಗಳು ಹೇಳಿದ್ದು, ಹೊಳೆ ಬಟ್ಟೆ ಮನೆಗೆ ತಂದು ಒಗೆದದ್ದನ್ನು ನನಗೆ ತಿಳಿಸಬೇಡ ಅಂತ ಅತ್ತೆಯೇ ಅವಳ ಬಾಯಿ ಕಟ್ಟಿದ್ದಕ್ಕೆ; ನಾನು ಮಾತೆತ್ತಿದರೆ ಅವಳು ನನಗೆ ಹೇಳಿದ್ದು ಬಯಲಾಗುತ್ತಿತ್ತು. ನಂಜನಗೂಡಿನವಳು, ಮಡಿ ಮೈಲಿಗೆಯವಳು, ಗೊತ್ತಾದರೆ ಇನ್ನು ನಮ್ಮ ಮನೆಯಲ್ಲಿ ನೀರು ಕುಡಿಯುವುದಿಲ್ಲ ಅಂತ ಅವರು ನನಗೆ ಹೆದರಿದ್ದರು. ಬೀಗಿತ್ತಿ, ನನಗೆ! ಕಾರಿನಲ್ಲಿ ಅವರು ಕೇಳಿದ್ದು ನನ್ನ ಬಾಯಿ ಬಿಡಿಸಲಲ್ಲ, ನನಗೆ ಎಷ್ಟು ಗೊತ್ತು ಅಂತ ನೋಡಲು. ಬೆಂಚಿನ ಮೇಲೆ ನಾನು ಅವರನ್ನು ಹಿಡಿದು ಕೂರಿಸಿದ್ದೆ ಅಂದುಕೊಂಡರೆ ಅವರು ನನ್ನನ್ನು ಹಿಡಿದು ಕೂರಿಸಿದ್ದರು.

ಆದರೂ ನನ್ನ ಬಾಯಿಂದ ಬಂದದ್ದು ಅದೇ ಹೆದರಿಕೆ. ಒಗೆದರೆ ಕೊಳೆ ಹೋಗಬಹುದು, ಇನ್ನೊಂದು ಹೋಗುತ್ತದೆಯೇ ಅಕ್ಕ, ಮುಟ್ಟಿದವರಿಗೆ ಬರುವುದಿಲ್ಲವೇ ಅಂದೆ.

"ಬಂದ್ರೆ ನಂಗೆ ಬತ್ತದೆ. ಬರ್ಲಿ ಬುಡಿ. ಅದಕ್ಕೇ ತಾನೆ ನಾನು ಒಗ್ದಿದ್ದು."

ಇಷ್ಟು ಹೇಳಿ, ದನಿ ತಗ್ಗಿಸಿ ಕೇಳಿದರು. "ಈ ಸೀರೆ ಮನೇಲಿ ಇದ್ದಾಗ್ಲೇ ಅಲ್ವಾ ತಂಗಿ, ಈ ಕೂಸು ನಿಂತಿದ್ದು?"

ಆ ಸೀರೆಯಲ್ಲಿ ಕೇಡಿದ್ದಿದ್ದರೆ, ಅದು ಪೆಟ್ಟಿಗೆಯಲ್ಲಿರುವಾಗ ಮಗು ಬಂದು ಐದು ತಿಂಗಳು ಕೂತಿದೆಯಲ್ಲ. ನಂಜುಂಡಪ್ಪ ಬೇಡವೆಂದಿದ್ದರೆ ಆ ಸೀರೆ ಅವಳ ಕೈಗೆ ಸಿಗದೆ ಹರಿದು ಹೋಗುತ್ತಿರಲಿಲ್ಲವೆ? ಹೀಗೆ ಯೋಚಿಸುವುದು ತಪ್ಪೋ ಸರಿಯೋ ತಿಳಿಯದೆ, ನಾನು ತಿರುಗಿ ಆ ಕುಚ್ಚನ್ನು ಹಿಡಿದೆ. ಗಂಟು ಒಂದೂ ಬಿಚ್ಚಿರಲಿಲ್ಲ. ಅಲ್ಲೇ ನಿಂತಿದ್ದ ಕಾವಲುಗಾರ ಮುಟ್ಟಬಾರದು ಅಮ್ಮ ಅಂದ. ಬೀಗಿತ್ತಿ ಅವನಿಗೆ, "ಕಟ್ದೋರೇ ಅವರು ಕಣಪ್ಪ" ಅಂದರು. ಅವನು ಏನೂ ತಿಳಿಯದೆ ಪಕ್ಕಕ್ಕೆ ಸರಿದ.

ಹೊರಡುವ ಮೊದಲು ಗಿಡ್ಡ ಕೂದಲಿನ ಆ ಹೆಂಗಸು ಬಂದು ನನ್ನ ಕೈ ಹಿಡಿದು ಏನೋ ಹೇಳಿದರು. ನಿಮ್ಮ ಮಗಳು ಬಹಳ ಧೈರ್ಯವಂತೆ ಅನ್ನುತ್ತಿದ್ದಾರೆ ಅಂತ ಅಳಿಯಂದಿರು ತಿಳಿಸಿದರು. ನಾನು ಕೈ ಮುಗಿದೆ. ಧೈರ್ಯ ಅವಳಿಗಿರಲಿ, ಅವಳ ಹೊಟ್ಟೆಯಲ್ಲಿರುವುದಕ್ಕೂ ಇರಲಿ ಅಂತ ಬೇಡಿಕೊಂಡೆ. ಮಗಳೂ ಅದೇ ಕಾರಿನಲ್ಲಿ ನಮ್ಮ ಜೊತೆ ವಾಪಸು ಬಂದಳು. ದಾರಿಯಲ್ಲಿ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು, ನನ್ನ ಹೆಗಲ ಮೇಲಲ್ಲ. ಸ್ವಲ್ಪ ಚುರುಕ್ಕೆಂದಿತು. ಆಮೇಲೆ ಅದನ್ನೂ ಒಳ್ಳೆಯದರ ಸಾಲಿಗೇ ಸೇರಿಸಿದೆ.

ಬೀಗರ ಮನೆಯಲ್ಲಿ ಉಳಿದು, ಅವರು ಕೊಟ್ಟ ಕಾಫಿ ಕುಡಿದು, ಉಪ್ಪಿಟ್ಟು ತಿಂದು ಬೆಳಿಗ್ಗೆ ಹೊರಟೆ. ತಿನ್ನುವಾಗ ಬೀಗಿತ್ತಿ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಇನ್ನೊಂದು ಸೌಟು ಹಾಕಿ ಅಕ್ಕ ಅಂದೆ. ಹೊಟ್ಟೆ ತುಂಬಿತ್ತು, ಆದರೂ ಕೇಳಿದೆ. ಹೊರಡುವಾಗ ಮಗಳನ್ನು ಒಳಗೆ ಕರೆದು, ವಾರವೆಲ್ಲ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ. ಅಲುಗಾಡುತ್ತಿದೆಯಾ? ಅವಳು ನನ್ನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ನನಗೆ ಏನೂ ತಿಳಿಯಲಿಲ್ಲ. ಈಗ ಮಲಗಿರಬೇಕು ಅಮ್ಮ, ಬೆಳಗಿನ ಜಾವ ಒದೀತಿತ್ತು ಅಂದಳು. ನಂಬಿದೆ. ನಂಬದೆ ಇನ್ನೇನು ಮಾಡಲಿ. ಮುಂದಿನ ಸ್ಕ್ಯಾನಿಂಗಿಗೆ ಇನ್ನೂ ದಿನ ಇತ್ತು.

ನಂಜನಗೂಡಿನಲ್ಲಿ ಬಸ್ಸಿಳಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಯಜಮಾನರು ಬಾಗಿಲು ತೆರೆದು, ಹೇಗಿತ್ತು ಅಂದರು. ಬಟ್ಟೆ ತೂಗುಹಾಕಿದ್ದಾಳೆ, ಚೆನ್ನಾಗಿದೆ ಅಂದೆ. ಅಷ್ಟಕ್ಕೆ ಅವರಿಗೆ ಸಮಾಧಾನ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಿತ್ತಲಿಗೆ ಬಂದೆ. ನಾನಿಲ್ಲದ ಒಂದು ದಿನಕ್ಕೆ ಅವರ ಅಂಗಿ, ಪಂಚೆ, ಟವೆಲು ಬಕೆಟ್ಟಿನಲ್ಲಿ ನೆನೆದು ಕೂತಿದ್ದವು. ಪ್ರದರ್ಶನಕ್ಕೆ ಉಟ್ಟಿದ್ದ ನನ್ನ ಸೀರೆ ಕೈಯಲ್ಲಿತ್ತು. ಹೊಳೆ ಬಟ್ಟೆ ತಾಗಿದ ಸೀರೆಯನ್ನು ಬೇರೆ ಇಟ್ಟು, ಮೂರು ನೀರು ಹೊಯ್ದು, ಆಮೇಲೆ ಮನೆಯ ಬಟ್ಟೆಗೆ ಸೇರಿಸುವುದು ನಮ್ಮಲ್ಲಿ ನಡೆದುಬಂದ ರೀತಿ. ಬೇರೆ ಬಕೆಟ್ಟು ಪಕ್ಕದಲ್ಲೇ ಇತ್ತು. ಸೀರೆಯನ್ನು ಅದರ ಕಡೆ ಚಾಚಿದೆ. ನರಸೀಪುರದ ಆ ಹಿತ್ತಲಿನಲ್ಲಿ ಕುದಿಯುವ ಹಂಡೆಯ ಮುಂದೆ ಬಗ್ಗಿದ ಬೀಗಿತ್ತಿಯ ಬೆನ್ನು ಕಣ್ಣಿಗೆ ಬಂತು.

ಶಿವಾ ಅಂದುಕೊಂಡು ಸೀರೆಯನ್ನು ಅವರ ಅಂಗಿಗಳ ಜೊತೆಗೇ ನೀರಿಗೆ ಅದ್ದಿದೆ. ಮಣೆ ಎಳೆದುಕೊಂಡು ಕೂತು, ಸೋಪು ಹಚ್ಚತೊಡಗಿದೆ. ಬಿಸಿಲು ಇಳಿಯುವ ಮೊದಲು ಒಣಗಬೇಕಿತ್ತು.